ಸಾಕೆಟ್ ದಾಟುವ ಸ್ಟ್ರಕ್ಟ್: ಬೈಟ್‌ಗಳ ಕರಾರು

ಸಿ ಭಾಷೆಯಲ್ಲಿ ಒಂದು ಬೈಟಿನ ಕ್ಯಾರ್, ಅದರ ಬೆನ್ನಿಗೆ ನಾಲ್ಕು ಬೈಟಿನ ಪೂರ್ಣಾಂಕ ಇರುವ ಸ್ಟ್ರಕ್ಟ್ ಒಂದನ್ನು ತೆಗೆದುಕೊಳ್ಳೋಣ. ಕೂಡಿದರೆ ಐದು. ಸೈಜ್‌ಆಫ್ ಮಾತ್ರ ಬಹುತೇಕ ಯಂತ್ರಗಳಲ್ಲಿ ಎಂಟು ಎನ್ನುತ್ತದೆ. ಪೂರ್ಣಾಂಕವು ನಾಲ್ಕರಿಂದ ಭಾಗವಾಗುವ ವಿಳಾಸದಲ್ಲಿ ಕೂರಲೆಂದು ಕಂಪೈಲರ್ ನಡುವೆ ಮೂರು ಬೈಟ್ ಖಾಲಿ ಬಿಟ್ಟಿರುತ್ತದೆ. ಸ್ಟ್ರಕ್ಟನ್ನು ಇದ್ದ ಹಾಗೇ ಸಾಕೆಟ್‌ಗೆ ಒಪ್ಪಿಸಿದರೆ ಆ ಖಾಲಿ ಜಾಗದಲ್ಲಿ ಉಳಿದಿದ್ದ ಹಳೆಯ ಮೆಮೊರಿಯ ಚೂರುಗಳೂ ಜೊತೆಗೆ ಹೊರಟುಬಿಡುತ್ತವೆ. ಪ್ಯಾಕ್ಡ್ ಎಂದು ಬರೆದು ಈ ತೆರಪನ್ನು ಮುಚ್ಚಬಹುದು. ಅದು ಅರ್ಧ ಮದ್ದು.

ಉಳಿದರ್ಧ ಬೈಟ್‌ಗಳ ಸರದಿಯದು. ಇಂಟೆಲ್ ಯಂತ್ರ ಕಿರಿಯ ಬೈಟನ್ನು ಮುಂದಿಡುತ್ತದೆ, ಇಂಟರ್‌ನೆಟ್ಟಿನ ಮೂಲ ಪ್ರೋಟೊಕಾಲ್‌ಗಳು ಹಿರಿಯದನ್ನು. ಇದನ್ನು ಮರೆತರೆ ಈ ಕಡೆಯ 1 ಆ ಕಡೆ 1,67,77,216 ಆಗುತ್ತದೆ. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಸ್ವಿಫ್ಟನ ಗಲಿವರ್ ಕಥೆಯಲ್ಲಿ ನಡೆಯುವ ಜಗಳದಿಂದ ಡ್ಯಾನಿ ಕೋಹೆನ್ 1980ರಲ್ಲಿ ಇದಕ್ಕೆ ಎಂಡಿಯನ್ ಎಂಬ ಹೆಸರು ತಂದರು. 1987ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಪ್ರಕಟಿಸಿದ ಎಕ್ಸ್‌ಡಿಆರ್ ಎಂಬ ದತ್ತಾಂಶ ಮಾನದಂಡ ಈ ಗೊಂದಲಕ್ಕೆ ನೇರ ಉತ್ತರ ಕೊಟ್ಟಿತು: ಹಿರಿಯ ಬೈಟ್ ಮೊದಲು, ಪ್ರತಿ ಅಂಶವೂ ನಾಲ್ಕರ ಗುಣಕದಲ್ಲಿ. ರಸ್ಟ್ ಭಾಷೆಯಲ್ಲಂತೂ ಸ್ಟ್ರಕ್ಟಿನ ಅಂಶಗಳು ಬರೆದ ಕ್ರಮದಲ್ಲೇ ಮೆಮೊರಿಯಲ್ಲಿ ಇರುತ್ತವೆಂಬ ಭರವಸೆಯೂ ಇಲ್ಲ. ಅದು ಬೇಕಿದ್ದರೆ ಸಿ ಭಾಷೆಯ ವಿನ್ಯಾಸವನ್ನು ಬಾಯಿಬಿಟ್ಟು ಕೇಳಬೇಕು.

ಬೈಟ್‌ಗಳ ಸರದಿ ಸರಿಹೋದರೂ ಸಂದೇಶದ ಗಡಿಯ ಪ್ರಶ್ನೆ ಉಳಿಯುತ್ತದೆ. ಟಿಸಿಪಿ ಬೈಟ್‌ಗಳ ಹರಿವು. ಸಂದೇಶ ಎಲ್ಲಿ ಮುಗಿಯಿತೆಂಬುದು ಅದಕ್ಕೆ ತಿಳಿಯದು. ಎರಡು ಸಲ ಕಳಿಸಿದ್ದು ಒಂದೇ ಓದಿಗೆ ಸಿಗಬಹುದು, ಒಂದು ಸಲ ಕಳಿಸಿದ್ದು ಮೂರು ತುಂಡಾಗಿ ಬರಬಹುದು. ಒಂದು ಸಲ ಕಳಿಸಿದ್ದು ಒಂದೇ ಓದಿಗೆ ಸಿಗುತ್ತದೆಂದು ನಂಬುವ ತಪ್ಪು ಒಂದೇ ಯಂತ್ರದೊಳಗೆ ಪರೀಕ್ಷಿಸುವಾಗ ಹೆಚ್ಚಾಗಿ ಅಡಗಿಯೇ ಇರುತ್ತದೆ. ಹಾಗಾಗಿ ಸಂದೇಶದ ಮುಂದೆ ಅದರ ಉದ್ದ ಬರೆಯುವ ರೂಢಿ ಬಂತು. ಯಾವುದರ ಉದ್ದ? ‘ಕನ್ನಡ’ ಎಂಬ ಪದದಲ್ಲಿ ಓದುಗನಿಗೆ ಕಾಣುವುದು ಮೂರು ಅಕ್ಷರ, ಯೂನಿಕೋಡ್ ಎಣಿಸುವುದು ಐದು ಸಂಕೇತ, ಯುಟಿಎಫ್-8ರಲ್ಲಿ ತಂತಿಗೆ ಇಳಿಯುವುದು 15 ಬೈಟ್. ಇಂಗ್ಲಿಷ್ ಪಠ್ಯದಲ್ಲಷ್ಟೇ ಪರೀಕ್ಷಿಸಿದ ಕೋಡಿಗೆ ಈ ಮೂರು ಲೆಕ್ಕಗಳ ಅಂತರ ಕಣ್ಣಿಗೇ ಬೀಳುವುದಿಲ್ಲ.

ಬಂದ ಉದ್ದವನ್ನು ನಂಬುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪೀಕರಣ ಲೈಬ್ರರಿಯಲ್ಲಿ 2014ರ ಏಪ್ರಿಲ್‌ನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷ ಅದಕ್ಕೆ ಸಾಕ್ಷಿ. ಬಂದ ದತ್ತಾಂಶವನ್ನು ಹಾಗೆಯೇ ಮರಳಿಸುವುದು ಹಾರ್ಟ್‌ಬೀಟ್ ಸಂದೇಶದ ಕೆಲಸ. ಅದರಲ್ಲಿ ಉದ್ದ ಹೇಳಲು ಎರಡು ಬೈಟ್ ಇದ್ದವು. ಒಂದು ಬೈಟ್ ಕಳಿಸಿ 65,535 ಎಂದು ಸುಳ್ಳು ಹೇಳಿದರೂ ಓಪನ್‌ಎಸ್‌ಎಸ್‌ಎಲ್ ತಾಳೆ ನೋಡದೆ ತನ್ನ ಮೆಮೊರಿಯಿಂದ ಅಷ್ಟನ್ನೂ ನಕಲು ಮಾಡಿ ಮರಳಿಸುತ್ತಿತ್ತು. ಪಾಸ್‌ವರ್ಡ್‌ಗಳು, ಖಾಸಗಿ ಕೀಲಿಗಳು ಆ ದಾರಿಯಲ್ಲಿ ಸೋರಬಹುದಿತ್ತು. ಉದ್ದ ಅತಿಯಾದರೆ ಸಂದೇಶವನ್ನು ಸದ್ದಿಲ್ಲದೆ ಕೈಬಿಡಬೇಕೆಂಬ ನಿಯಮ ಹಾರ್ಟ್‌ಬೀಟ್‌ನ ಮಾನದಂಡವಾದ 2012ರ ಆರ್‌ಎಫ್‌ಸಿ 6520ರಲ್ಲೇ ಇತ್ತು. ಕೋಡಿನಲ್ಲಿ ಆ ತಪಾಸಣೆ ಇರಲಿಲ್ಲ.