ಕಥಾಲೇಖನದಲ್ಲಿ ಸ್ವಸಂಪಾದನೆ (ಪ್ರಾಥಮಿಕ ಶಿಕ್ಷಣ)

ಸ್ವಸಂಪಾದನೆ ಎಂದರೆ ಪ್ರಾಥಮಿಕ ಶಾಲೆಯ ಮಕ್ಕಳು ತಾವು ಬರೆದ ಕಥೆಯನ್ನು ತಾವೇ ಓದಿ, ಪರಿಷ್ಕರಿಸಿ, ತಿದ್ದುವ ಕ್ರಮ. ಶಿಕ್ಷಕರು ಕೆಂಪು ಶಾಯಿಯಲ್ಲಿ ತಿದ್ದಿಕೊಡುವ ರೂಢಿಗಿಂತ ಇದು ಭಿನ್ನವಾದುದು. ಈ ಕ್ರಮವು ಅಮೆರಿಕದ ಶಾಲೆಗಳಲ್ಲಿ ನೆಲೆಗೊಳ್ಳಲು ಡೊನಾಲ್ಡ್ ಗ್ರೇವ್ಸ್ ಅವರ ಅಧ್ಯಯನ ಮುಖ್ಯ ಕಾರಣಗಳಲ್ಲೊಂದು. ಅವರು ಮತ್ತು ಸಂಗಡಿಗರು 1978ರಿಂದ 1980ರವರೆಗೆ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಆಟ್ಕಿನ್‌ಸನ್ ಊರಿನ ಶಾಲೆಯೊಂದರಲ್ಲಿ ಮಕ್ಕಳು ಬರೆಯುವ ರೀತಿಯನ್ನು ಹತ್ತಿರದಿಂದ ಗಮನಿಸಿದರು. ಗ್ರೇವ್ಸ್ ಅವರ ಗ್ರಂಥವು 1983ರಲ್ಲಿ ಪ್ರಕಟವಾಯಿತು.

ಈ ಪದ್ಧತಿಯಲ್ಲಿ ವಿಷಯದ ಪರಿಷ್ಕರಣೆ ಮೊದಲು, ಕಾಗುಣಿತದ ತಿದ್ದುಪಡಿ ಕೊನೆಗೆ. "ನಾಯಿ ಕಳೆದುಹೋಯಿತು, ಆಮೇಲೆ ಸಿಕ್ಕಿತು" ಎಂದಷ್ಟೇ ಬರೆದ ಮಗುವನ್ನು ಶಿಕ್ಷಕರು ಅದು ಎಲ್ಲಿ ಸಿಕ್ಕಿತು, ನಿನ್ನನ್ನು ಕಂಡು ಏನು ಮಾಡಿತು ಎಂದು ಕೇಳುತ್ತಾರೆ. ಉತ್ತರವನ್ನು ಮಗುವೇ ಸಾಲುಗಳ ನಡುವೆ ಸೇರಿಸುತ್ತದೆ. ಅಕ್ಷರದೋಷಗಳನ್ನೇ ಮೊದಲು ಎತ್ತಿ ತೋರಿಸಿದರೆ, ಮಗು ತನಗೆ ತಪ್ಪಿಲ್ಲದೆ ಬರೆಯಲು ಬರುವ ಪದಗಳನ್ನಷ್ಟೇ ಬಳಸಿ ಕಥೆಯನ್ನು ಮೊಟಕುಗೊಳಿಸುವ ಅಪಾಯವಿದೆ.

ತಿದ್ದುಪಡಿಗೆ ಸಾಮಾನ್ಯವಾಗಿ ಸೂಚಿಸುವ ಉಪಾಯ ಗಟ್ಟಿಯಾಗಿ ಓದುವುದು. ಕನ್ನಡದಲ್ಲಿ ಇದರಿಂದ ಬಿಟ್ಟುಹೋದ ಪದ, ಲಿಂಗ-ವಚನಗಳ ಹೊಂದಾಣಿಕೆಯ ದೋಷ ಕಿವಿಗೇ ತಿಳಿಯುತ್ತವೆ. ಆದರೆ ಅಲ್ಪಪ್ರಾಣ-ಮಹಾಪ್ರಾಣಗಳ ಭೇದವು ಅನೇಕರ ಆಡುಮಾತಿನಲ್ಲಿಯೇ ಇಲ್ಲದಿರುವುದರಿಂದ ಅಂತಹ ತಪ್ಪುಗಳು ಕಿವಿಗೆ ಸಿಗುವುದಿಲ್ಲ; ಅವಕ್ಕೆ ಪದವನ್ನು ಬಿಡಿಸಿ ನೋಡುವ ಅಭ್ಯಾಸ ಮತ್ತು ನಿಘಂಟಿನ ಬಳಕೆ ಅಗತ್ಯ.