ಫಲಿತಾಂಶದ ಪಟ್ಟಿಯಲ್ಲಿಲ್ಲದ ಅಂಕಣ: ರಾಯದುರ್ಗ–ಮಡಕಶಿರಾ ಗಡಿಯ ಚುನಾವಣೆಗಳು ಮತ್ತು ಕನ್ನಡ

2024ರ ಜೂನ್ 4ರಂದು ಮಡಕಶಿರಾ ವಿಧಾನಸಭಾ ಕ್ಷೇತ್ರದ ಮತ ಎಣಿಕೆ ಮುಗಿದಾಗ ತೆಲುಗುದೇಶಂ ಪಕ್ಷದ ಎಂ.ಎಸ್. ರಾಜು ಅವರು ವೈ.ಎಸ್.ಆರ್. ಕಾಂಗ್ರೆಸ್ಸಿನ ಈರ ಲಕ್ಕಪ್ಪ ಅವರಿಗಿಂತ ಕೇವಲ 351 ಮತಗಳಿಂದ ಮುಂದಿದ್ದರು. ಅದೇ ದಿನ ರಾಯದುರ್ಗದಲ್ಲಿ ತೆಲುಗುದೇಶಂನ ಕಾಲವ ಶ್ರೀನಿವಾಸುಲು ನಲವತ್ತು ಸಾವಿರಕ್ಕೂ ಮಿಕ್ಕ ಅಂತರದಿಂದ ಗೆದ್ದರು. ಹಳೆಯ ಅನಂತಪುರ ಜಿಲ್ಲೆಯಲ್ಲಿ ಕನ್ನಡಿಗರು ದಟ್ಟವಾಗಿ ನೆಲೆಸಿರುವ ಪ್ರದೇಶಗಳಲ್ಲಿ ಈ ಎರಡೂ ಸೇರಿವೆ. ಆದರೆ ಫಲಿತಾಂಶದ ಪಟ್ಟಿ ಪಕ್ಷವನ್ನು ಹೇಳುತ್ತದೆ, ಅಂಚೆ ಮತಗಳನ್ನು ಹೇಳುತ್ತದೆ, ಯಾರಿಗೂ ಬೇಡವೆಂದವರ ಸಂಖ್ಯೆಯನ್ನೂ ಹೇಳುತ್ತದೆ. ಮತದಾರನ ಮನೆಮಾತಿಗೆ ಅಲ್ಲಿ ಅಂಕಣವಿಲ್ಲ. 351 ಮತಗಳ ಗೆಲುವನ್ನು ಯಾವ ಸಮುದಾಯ ಬೇಕಾದರೂ ತನ್ನದೆಂದು ಹೇಳಿಕೊಳ್ಳಬಹುದು. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಮಂಡಲಗಳ ಕನ್ನಡಿಗರು ಹಾಗೆ ಹೇಳಿಕೊಳ್ಳಲು ಮಾತ್ರ ದಾಖಲೆಯ ಆಧಾರವಿಲ್ಲ. ಈ ಮೌನ ಆಕಸ್ಮಿಕವಲ್ಲ. ಎಣಿಕೆಯ ಘಟಕ ಯಾವುದು ಎಂಬ ಪ್ರಶ್ನೆಗೆ ಬೇರೆ ಬೇರೆ ಕಾಲಗಳಲ್ಲಿ ದೊರೆತ ಉತ್ತರಗಳಿಂದ ಅದು ಹುಟ್ಟಿದೆ.

ಮೊದಲ ಉತ್ತರ 1882ರದು. ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ರಚಿಸಿದಾಗ ಮಡಕಶಿರಾ ಹೊಸ ಜಿಲ್ಲೆಗೆ ಸೇರಿತು, ರಾಯದುರ್ಗ ಬಳ್ಳಾರಿಯಲ್ಲಿಯೇ ಉಳಿಯಿತು. ಕಂದಾಯದ ಅನುಕೂಲಕ್ಕಾಗಿ ಮಾಡಿದ ಈ ವಿಭಜನೆಯ ಪರಿಣಾಮ ಎಪ್ಪತ್ತು ವರ್ಷಗಳ ಅನಂತರ ಕಾಣಿಸಿಕೊಂಡಿತು. ಆಂಧ್ರ ರಾಜ್ಯದ ರಚನೆಯ ಹೊತ್ತಿನಲ್ಲಿ ವಿವಾದವೆದ್ದದ್ದು ‘ಬಳ್ಳಾರಿ ಜಿಲ್ಲೆ’ಯ ಬಗ್ಗೆ, ವಾಂಛೂ ಅವರ ವರದಿಯೂ ಮಿಶ್ರಾ ಅವರ ವಿಚಾರಣೆಯೂ ಬಳ್ಳಾರಿಯನ್ನು ಕುರಿತವು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಇರುವ ಮಡಕಶಿರಾ ತಾಲ್ಲೂಕು ಮೂರು ದಿಕ್ಕುಗಳಲ್ಲಿ ಮೈಸೂರು ಸೀಮೆಗೆ ಆತುಕೊಂಡಿದ್ದರೂ ಅನಂತಪುರ ಜಿಲ್ಲೆಯಲ್ಲಿತ್ತೆಂಬ ಕಾರಣಕ್ಕೆ ಆ ವಿಚಾರಣೆಯ ಹೊರಗುಳಿಯಿತು.

ರಾಯದುರ್ಗವನ್ನು ಕುರಿತು ವಿಚಾರಣೆ ನಡೆಯಿತು, ಆದರೆ ಇಡೀ ತಾಲ್ಲೂಕನ್ನೇ ಘಟಕವಾಗಿ ಹಿಡಿದು. 1921ರಲ್ಲಿ ಆಂಧ್ರ ಮತ್ತು ಕರ್ನಾಟಕ ಪ್ರಾಂತ ಕಾಂಗ್ರೆಸ್ ಸಮಿತಿಗಳ ವ್ಯಾಪ್ತಿಯನ್ನು ನಿರ್ಣಯಿಸಲು ಎನ್.ಸಿ. ಕೇಳ್ಕರ್ ಕೊಟ್ಟ ತೀರ್ಪು ಆದೋನಿ, ಆಲೂರು, ರಾಯದುರ್ಗಗಳನ್ನು ಆಂಧ್ರದ ಕಡೆಗೆ ಹಾಕಿತ್ತು. ಅದು ಒಂದು ರಾಜಕೀಯ ಪಕ್ಷದ ಒಳಗಿನ ಏರ್ಪಾಡು. 1953ರ ಮಾರ್ಚಿನಲ್ಲಿ ನೆಹರೂ ಸರ್ಕಾರ ಪ್ರಕಟಿಸಿದ ತೀರ್ಮಾನದಲ್ಲಿಯೂ ಆಂಧ್ರಕ್ಕೆ ಸಂದದ್ದು ಅವೇ ಮೂರು ತಾಲ್ಲೂಕುಗಳು. ತಾಲ್ಲೂಕನ್ನು ಇಡಿಯಾಗಿ ಹಿಡಿದರೆ ತೆಲುಗಿನ ಪಾಲು ಹೆಚ್ಚೆಂಬುದೇ ಆಧಾರ. ಬಳ್ಳಾರಿಗೆ ಅಂಟಿಕೊಂಡಿದ್ದ ಹಿರೇಹಾಳು ಭಾಗದ ಹಳ್ಳಿಗಳನ್ನು ಪ್ರತ್ಯೇಕವಾಗಿ ಎಣಿಸಿದ್ದರೆ ಲೆಕ್ಕ ಬೇರೆಯಾಗಬಹುದಿತ್ತು. 1953ರ ಅಕ್ಟೋಬರ್ 1ರಂದು ರಾಯದುರ್ಗ ಅನಂತಪುರ ಜಿಲ್ಲೆಗೆ ಸೇರಿತು. 1952ರಲ್ಲಿ ಮದರಾಸು ವಿಧಾನಸಭೆಗೆ ಆಯ್ಕೆಯಾಗಿದ್ದ ಅಲ್ಲಿನ ಪ್ರತಿನಿಧಿ ಮರುಚುನಾವಣೆಯಿಲ್ಲದೆ ಆಂಧ್ರ ವಿಧಾನಸಭೆಯ ಸದಸ್ಯರಾದರು. ರಾಜ್ಯ ಬದಲಾದುದನ್ನು ಕುರಿತು ಮತದಾರರು ಮತಗಟ್ಟೆಗೆ ಹೋಗಿ ಹೇಳುವ ಸಂದರ್ಭವೇ ಆಗ ಒದಗಲಿಲ್ಲ.

ಕಾಸರಗೋಡಿನೊಡನೆ ಹೋಲಿಸಿದಾಗ ಇದರ ಮಹತ್ವ ತಿಳಿಯುತ್ತದೆ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಆ ತಾಲ್ಲೂಕಿನಲ್ಲಿ ಕೆಲವೇ ತಿಂಗಳುಗಳಲ್ಲಿ ವಿಧಾನಸಭಾ ಚುನಾವಣೆ ಬಂತು. 1957ರಲ್ಲಿ ಮಂಜೇಶ್ವರದಿಂದ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. 1960ರಲ್ಲಿಯೂ 1967ರಲ್ಲಿಯೂ ಕಳ್ಳಿಗೆ ಮಹಾಬಲ ಭಂಡಾರಿ ಅಲ್ಲಿ ಗೆದ್ದರು. 1967ರಲ್ಲಿ ಕಾಸರಗೋಡು ಕ್ಷೇತ್ರದಲ್ಲಿ ಯು.ಪಿ. ಕುಣಿಕುಳ್ಳಾಯರು ಗೆದ್ದರು. ವಿಲೀನೀಕರಣದ ಬೇಡಿಕೆ ಅಲ್ಲಿ ಅಭ್ಯರ್ಥಿಯ ಹೆಸರನ್ನು ಪಡೆಯಿತು, ಹೀಗಾಗಿ ಫಲಿತಾಂಶದಲ್ಲಿ ಅದನ್ನು ಓದಬಹುದಾಯಿತು. ಬೆಳಗಾವಿಯಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ ಇದನ್ನೇ ಮರಾಠಿಯ ಪರವಾಗಿ ಮಾಡಿತು, ಅದೂ ನಗರಪಾಲಿಕೆಯ ಮಟ್ಟದಲ್ಲಿ. 2021ರ ಪಾಲಿಕೆ ಚುನಾವಣೆಯಲ್ಲಿ 58 ಸ್ಥಾನಗಳ ಪೈಕಿ 35 ಭಾರತೀಯ ಜನತಾ ಪಕ್ಷಕ್ಕೆ ಹೋದಾಗ, ಭಾಷೆಯ ರಾಜಕಾರಣ ಎಷ್ಟು ಕುಗ್ಗಿತೆಂಬುದನ್ನೂ ಅಂಕಿಗಳೇ ಹೇಳಿದವು. ಸೋಲಾದರೂ ಅದು ದಾಖಲಾದ ಸೋಲು. ರಾಯದುರ್ಗ–ಮಡಕಶಿರಾಗಳ ಕನ್ನಡಕ್ಕೆ ಅಂಥ ಗೆಲುವೂ ಇಲ್ಲ, ಸೋಲೂ ಇಲ್ಲ.

ಎಣಿಕೆಯ ಘಟಕ ಭಾಷೆಯ ಹರಹಿಗೆ ಹತ್ತಿರ ಬಂದದ್ದು ಎನ್.ಟಿ. ರಾಮರಾವ್ ಸರ್ಕಾರದ ಕಾಲದಲ್ಲಿ. 1985ರಲ್ಲಿ ತಾಲ್ಲೂಕುಗಳು ಹೋಗಿ ಕಂದಾಯ ಮಂಡಲಗಳು ಬಂದವು. 1986ರ ಕಾಯ್ದೆ ಅವುಗಳಿಗೆ ಚುನಾಯಿತ ಪರಿಷತ್ತುಗಳನ್ನು ಕೊಟ್ಟಿತು. ಮಡಕಶಿರಾ ತಾಲ್ಲೂಕು ಮಡಕಶಿರಾ, ಅಮರಾಪುರ, ಗುಡಿಬಂಡೆ, ರೊಳ್ಳ, ಅಗಳಿ ಎಂದೂ ರಾಯದುರ್ಗದ ಸೀಮೆ ರಾಯದುರ್ಗ, ಡಿ. ಹಿರೇಹಾಳು, ಬೊಮ್ಮನಹಾಳು, ಕಣೇಕಲ್ಲು, ಗುಮ್ಮಗಟ್ಟ ಎಂದೂ ಹಂಚಿಹೋದವು. 1953ರಲ್ಲಿ ತಾಲ್ಲೂಕಿನ ಮೊತ್ತದಲ್ಲಿ ಕರಗಿದ್ದ ಹಿರೇಹಾಳು ಭಾಗ ಈಗ ತನ್ನದೇ ಅಧ್ಯಕ್ಷರನ್ನು ಆರಿಸುವ ಘಟಕವಾಯಿತು. 1987ರಲ್ಲಿ ಆ ಅಧ್ಯಕ್ಷರನ್ನು ಮತದಾರರು ನೇರವಾಗಿಯೇ ಆರಿಸಿದರು. ಈ ಗಡಿಯ ಕನ್ನಡಿಗರಿಗೆ ಸಂಖ್ಯೆಯ ಬಲ ಮತ್ತು ಅಧಿಕಾರದ ಸ್ಥಾನ ಒಂದೆಡೆ ಕೂಡಿದ ಅಪರೂಪದ ಗಳಿಗೆ ಅದು. 1994ರ ಪಂಚಾಯತ್ ರಾಜ್ ಕಾಯ್ದೆಯ ಅನಂತರ ನೇರ ಆಯ್ಕೆಯೂ ಹೋಯಿತು. ಮತದಾರರು ಆರಿಸುವುದು ಎಂಪಿಟಿಸಿ ಮತ್ತು ಜೆಡ್‌ಪಿಟಿಸಿ ಸದಸ್ಯರನ್ನು. ಮಂಡಲದ ಅಧ್ಯಕ್ಷರನ್ನು ಆರಿಸುವುದು ಎಂಪಿಟಿಸಿ ಸದಸ್ಯರು.

ಆ ಗಳಿಗೆಯಲ್ಲಿಯೂ ಭಾಷೆಯ ಹೆಸರಿನ ಪಕ್ಷ ಇಲ್ಲಿ ಬೇರೂರಲಿಲ್ಲ. ಅದಕ್ಕೆ ಕನ್ನಡಿಗರ ಅಭಿಮಾನಶೂನ್ಯತೆಯೇ ಕಾರಣವೆಂದು ಬೆಂಗಳೂರಿನ ವೇದಿಕೆಗಳಲ್ಲಿ ಹೇಳುವುದು ಸುಲಭ, ಆದರೆ ಸರಿಯಲ್ಲ. ಭಾಷೆ ಮತವಾಗಬೇಕಾದರೆ ಅದು ಒಬ್ಬ ಅಭ್ಯರ್ಥಿಯನ್ನು ಇನ್ನೊಬ್ಬನಿಂದ ಬೇರ್ಪಡಿಸಬೇಕು. ಎರಡೂ ನುಡಿಗಳಲ್ಲಿ ವ್ಯವಹರಿಸುವುದು ರೂಢಿಯಾಗಿರುವ ಕಡೆ ಅದು ಬೇರ್ಪಡಿಸುವುದಿಲ್ಲ. 1989, 1999, 2004ರಲ್ಲಿ ಮಡಕಶಿರಾದಿಂದ ಗೆದ್ದ ಎನ್. ರಘುವೀರಾ ರೆಡ್ಡಿ ಆಂಧ್ರದ ಸಚಿವರಾದರು, ಮುಂದೆ ಕರ್ನಾಟಕದ ಚುನಾವಣೆಯಲ್ಲಿಯೂ ತಮ್ಮ ಪಕ್ಷದ ಹೊಣೆ ಹೊತ್ತರು. 2014ರ ಫಲಿತಾಂಶವನ್ನು 2018ರಲ್ಲಿ ಉಚ್ಚ ನ್ಯಾಯಾಲಯ ರದ್ದುಗೊಳಿಸಿದಾಗ ಶಾಸಕತ್ವ ಕೆ. ಈರಣ್ಣ ಅವರಿಂದ ಎಂ. ತಿಪ್ಪೇಸ್ವಾಮಿ ಅವರಿಗೆ ಹೋಯಿತು. ಈರಣ್ಣ, ತಿಪ್ಪೇಸ್ವಾಮಿ, ಲಕ್ಕಪ್ಪ: ಈ ಹೆಸರುಗಳನ್ನು ಶಿರಾದಲ್ಲಿಯೋ ಚಳ್ಳಕೆರೆಯಲ್ಲಿಯೋ ಕೇಳಿದರೆ ಯಾರೂ ಬೇರೆ ರಾಜ್ಯದವರೆಂದು ತಿಳಿಯರು. ಅದರ ಮೇಲೆ 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಮಡಕಶಿರಾ ಪರಿಶಿಷ್ಟ ಜಾತಿಯ ಮೀಸಲು ಕ್ಷೇತ್ರವಾಯಿತು. ಪೈಪೋಟಿಯ ವ್ಯಾಕರಣವೇ ಬದಲಾಯಿತು. ಅದರಲ್ಲಿ ಭಾಷೆಗೆ ವಿಭಕ್ತಿ ಪ್ರತ್ಯಯದಷ್ಟೂ ಸ್ಥಾನ ಸಿಗಲಿಲ್ಲ. ಉತ್ತರದಲ್ಲಿ ಡಿ. ಹಿರೇಹಾಳು ಮಂಡಲದ ಓಬುಳಾಪುರದ ಗಡಿಕಲ್ಲುಗಳು ದೇಶದ ಸುದ್ದಿಯಾದವು, ಆದರೆ ಕಬ್ಬಿಣದ ಅದಿರಿನ ಕಾರಣಕ್ಕೆ.

ಗ್ರಾಮ ಪಂಚಾಯಿತಿಯ ಮಟ್ಟಕ್ಕೆ ಇಳಿದರೆ ಪಕ್ಷದ ಅಂಕಣವೂ ಮಾಯವಾಗುತ್ತದೆ. ಆಂಧ್ರದಲ್ಲಿ ಸರಪಂಚರ ಚುನಾವಣೆ ಪಕ್ಷರಹಿತ. 2021ರ ಫೆಬ್ರವರಿಯಲ್ಲಿ ನಾಲ್ಕು ಹಂತಗಳಲ್ಲಿ ನಡೆದ ಮತದಾನದ ಅನಂತರ ಎರಡೂ ಪಕ್ಷಗಳು ತಮ್ಮ ತಮ್ಮ ಲೆಕ್ಕ ಹೇಳಿದವು. ಮಂಡಲ ಮತ್ತು ಜಿಲ್ಲಾ ಪರಿಷತ್ತುಗಳ ಚುನಾವಣೆ ಇನ್ನೂ ವಿಚಿತ್ರ. 2020ರ ಮಾರ್ಚಿನಲ್ಲಿ ನಾಮಪತ್ರ ಸಲ್ಲಿಕೆಯಾದ ಮೇಲೆ ಸಾಂಕ್ರಾಮಿಕದಿಂದ ನಿಂತಿತು; 2021ರ ಏಪ್ರಿಲ್ 8ರಂದು ಮತದಾನ; ತೆಲುಗುದೇಶಂ ಬಹಿಷ್ಕಾರ ಘೋಷಿಸಿತ್ತು; ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಪ್ರಕ್ರಿಯೆಯನ್ನು ರದ್ದುಮಾಡಿತು, ವಿಭಾಗೀಯ ಪೀಠ ಆ ಆದೇಶವನ್ನು ತಳ್ಳಿಹಾಕಿತು; ಸೆಪ್ಟೆಂಬರ್ 19ರಂದು ಎಣಿಕೆ ನಡೆದು ವೈ.ಎಸ್.ಆರ್. ಕಾಂಗ್ರೆಸ್ ಏಕಪಕ್ಷೀಯವೆನ್ನುವಷ್ಟು ಗೆದ್ದಿತು. ಎದುರಾಳಿ ಹಿಂದೆ ಸರಿದ ಚುನಾವಣೆಯಿಂದ ಮತದಾರನ ಒಲವನ್ನು ಅಳೆಯುವುದು ಸಾಹಸ; ಭಾಷೆಯ ಒಲವನ್ನು ಅಳೆಯುವುದಂತೂ ಸಾಧ್ಯವೇ ಇಲ್ಲ.

ಆದರೂ ಈ ಪರಿಷತ್ತುಗಳು ಕನ್ನಡಕ್ಕೆ ಅಮುಖ್ಯವಲ್ಲ. ಹಳ್ಳಿಯ ಕನ್ನಡ ಮಾಧ್ಯಮ ಶಾಲೆಯ ಫಲಕದ ಮೇಲೆ ಸಾಮಾನ್ಯವಾಗಿ ಇರುವುದು ಮಂಡಲ ಪ್ರಜಾ ಪರಿಷತ್ತಿನ ಅಥವಾ ಜಿಲ್ಲಾ ಪರಿಷತ್ತಿನ ಹೆಸರು. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸುವ ಹೊಣೆಯನ್ನು ರಾಜ್ಯದ ಮೇಲಷ್ಟೇ ಅಲ್ಲ, ಸ್ಥಳೀಯ ಸಂಸ್ಥೆಗಳ ಮೇಲೂ ಹಾಕಿದೆ. 1949ರ ಪ್ರಾಂತೀಯ ಶಿಕ್ಷಣ ಮಂತ್ರಿಗಳ ಸಮ್ಮೇಳನದ ಸೂತ್ರ ಶಾಲೆಗೆ 40 ಅಥವಾ ತರಗತಿಗೆ 10 ಮಕ್ಕಳು ಎಂದು. 1956ರ ಭಾಷಾ ಅಲ್ಪಸಂಖ್ಯಾತರ ರಕ್ಷಣೋಪಾಯಗಳ ಪತ್ರ, ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟಿರುವ ಕಡೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಇರಬೇಕೆಂದಿತು. ಇಲ್ಲಿಯೂ ಎಣಿಕೆಯೇ ಆಧಾರ, ಆದರೆ ಇದು ಮತಗಳ ಎಣಿಕೆಯಲ್ಲ, ಜನಗಣತಿ ಮತ್ತು ಹಾಜರಿ ಪುಸ್ತಕದ ಎಣಿಕೆ. ಮತಗಟ್ಟೆಯಲ್ಲಿ ಕಾಣದ ಕನ್ನಡ ಶಾಲೆಯ ದಾಖಲಾತಿಯಲ್ಲಿ ಮಾತ್ರ ಕಾಣುತ್ತದೆ. ಮಕ್ಕಳು ತೆಲುಗು ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಹೋದಂತೆ ಆ ಒಂದು ದಾಖಲೆಯೂ ತೆಳುವಾಗುತ್ತದೆ.

ದೂರದ ಒಂದು ನಿದರ್ಶನ ಇಲ್ಲಿ ಉಪಯುಕ್ತ. ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ಗೇಲಿಕ್ ಭಾಷಿಕರು 1975ರವರೆಗೆ ಎರಡು ಕೌಂಟಿಗಳಿಗೆ ಹಂಚಿಹೋಗಿದ್ದರು: ಲೂಯಿಸ್ ದ್ವೀಪಭಾಗ ರಾಸ್ ಮತ್ತು ಕ್ರೊಮಾರ್ಟಿಗೆ, ಹ್ಯಾರಿಸ್ ಮತ್ತು ಅದರ ದಕ್ಷಿಣದ ದ್ವೀಪಗಳು ಇನ್ವರ್ನೆಸ್‌ಗೆ. ಆಗಿನ ಸುಧಾರಣೆ ಅವರೆಲ್ಲರಿಗೂ ಒಂದೇ ಕೌನ್ಸಿಲ್ ಕೊಟ್ಟಿತು. ಅಲ್ಲಿಯೂ ಭಾಷೆಯ ಪಕ್ಷ ಗೆಲ್ಲಲಿಲ್ಲ. ಬಹುಪಾಲು ಸದಸ್ಯರು ಪಕ್ಷೇತರರು, ಫಲಿತಾಂಶದಲ್ಲಿ ಗೇಲಿಕ್ ಕಾಣುವುದಿಲ್ಲ. ಆದರೂ ಆ ಕೌನ್ಸಿಲ್ ದ್ವಿಭಾಷಾ ನೀತಿಯನ್ನು ಅಂಗೀಕರಿಸಿತು, 1997ರ ಕಾಯ್ದೆಯ ಅನಂತರ ತನ್ನ ಗೇಲಿಕ್ ಹೆಸರನ್ನೇ ಅಧಿಕೃತವಾಗಿ ಉಳಿಸಿಕೊಂಡಿತು. ಘಟಕ ಸರಿಯಾಗಿದ್ದರೆ ಭಾಷೆ ಅಭ್ಯರ್ಥಿಯಾಗಬೇಕಾದ ಅಗತ್ಯವಿಲ್ಲ.

ಅನಂತಪುರದಲ್ಲಿ ನಡೆದುದು ಇದಕ್ಕೆ ವಿರುದ್ಧವಾದುದು. 2022ರ ಏಪ್ರಿಲ್ 4ರಂದು ಜಿಲ್ಲೆ ಒಡೆಯಿತು. ಮಡಕಶಿರಾ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲಿ ಉಳಿಯಿತು. 1953ರಲ್ಲಿ ಒಂದೇ ಜಿಲ್ಲೆಗೆ ಬಂದಿದ್ದ ಎರಡು ಕನ್ನಡ ಸೀಮೆಗಳು ಮತ್ತೆ 1882ರಂತೆ ಬೇರೆಯಾದವು. 2021ರಲ್ಲಿ ಆಯ್ಕೆಯಾದ ಜಿಲ್ಲಾ ಪರಿಷತ್ತು ಮಾತ್ರ ಹಳೆಯ ಜಿಲ್ಲೆಗೇ ಮುಂದುವರಿಯಿತು: 63 ಮಂಡಲಗಳು, ಅವುಗಳ ಪೈಕಿ ಈ ಎರಡು ಸೀಮೆಗಳ ಹತ್ತು. ಹೊಸ ಜಿಲ್ಲೆಗಳ ಲೆಕ್ಕದಲ್ಲಿ ಅನಂತಪುರದ 31ರಲ್ಲಿ ಐದು, ಸತ್ಯಸಾಯಿಯ 32ರಲ್ಲಿ ಐದು. ಪ್ರಮಾಣ ಹೆಚ್ಚುಕಡಿಮೆ ಅದೇ. ಆದರೆ ಕನ್ನಡ ಶಿಕ್ಷಕರ ಹುದ್ದೆಗಾಗಿಯೋ ಪಠ್ಯಪುಸ್ತಕಕ್ಕಾಗಿಯೋ ಒಂದೇ ಸಭೆಯಲ್ಲಿ ಎದ್ದು ನಿಲ್ಲಬಹುದಾಗಿದ್ದ ಹತ್ತು ಸದಸ್ಯರು, ಪರಿಷತ್ತುಗಳೂ ಜಿಲ್ಲೆಗಳಂತೆ ಬೇರೆಯಾದಾಗ, ಐದೈದು ಮಂದಿಯಾಗಿ ಎರಡು ಊರುಗಳ ಎರಡು ಸಭಾಂಗಣಗಳಲ್ಲಿ ಕೂರಬೇಕಾಗುತ್ತದೆ.