ಆಳುಪರ ಮತ್ಸ್ಯಲಾಂಛನ

ತುಳುನಾಡನ್ನು ಬಹುಕಾಲ ಆಳಿದ ಆಳುಪರಿಗೆ ಮತ್ಸ್ಯಯುಗ್ಮವು ರಾಜಲಾಂಛನವಾಗಿದ್ದಿತು. ಮಧುರೆಯ ಪಾಂಡ್ಯರ ಲಾಂಛನವೂ ಮೀನೇ. ಆಳುಪರು ಪಾಂಡ್ಯರೆಂಬ ಬಿರುದನ್ನೂ ಧರಿಸಿದವರು. ಇವೆರಡನ್ನೂ ಕೂಡಿಸಿ, ಆಳುಪರು ಮಧುರೆಯ ಪಾಂಡ್ಯಕುಲದ ಶಾಖೆಯೆಂದು ಊಹಿಸುವುದುಂಟು. ಈ ಅನುಮಾನದಲ್ಲಿ ಹೇತುವು ಸಾಧ್ಯವನ್ನು ಸಾಧಿಸಬಲ್ಲುದೇ ಎಂಬುದು ವಿಚಾರಣೀಯವಾಗಿದೆ.

ಕಾರ್ಕಳ ಸೀಮೆಯ ಬೆಳ್ಮಣ್ಣಿನಲ್ಲಿ ದೊರೆತ ಆಳುವರಸನ ತಾಮ್ರಶಾಸನವು 8ನೆಯ ಶತಮಾನದ ಆದಿಭಾಗದ್ದು. ಕನ್ನಡ ತಾಮ್ರಶಾಸನಗಳಲ್ಲಿ ಅತಿ ಪ್ರಾಚೀನವೆಂದು ಪರಿಗಣಿತವಾದುದು. ಅದರಲ್ಲಿ ಜೋಡಿಮೀನಿನ ಲಾಂಛನವಿದೆ. ಮುಂದಿನ ಕಾಲದ 'ಶ್ರೀ ಪಾಂಡ್ಯ ಧನಂಜಯ' ಎಂಬ ಬರಹದ ಹೊನ್ನ ನಾಣ್ಯಗಳಲ್ಲಿಯೂ ಕೊಡೆಯ ಕೆಳಗೆ ಎರಡು ಮೀನುಗಳು ಕಾಣುತ್ತವೆ.

ಶಾಸನದಲ್ಲಿ ಲಾಂಛನವೇತಕ್ಕೆ? ದತ್ತಿಯನ್ನು ಬಟ್ಟೆಯ ಮೇಲಾಗಲಿ ತಾಮ್ರಪಟ್ಟದ ಮೇಲಾಗಲಿ ಬರೆಯಿಸಿ, ಸ್ವಮುದ್ರೆಯಿಂದ ಗುರುತಿಸಿ, ಮುಂದೆ ಬರುವ ಅರಸರಿಗೆ ತಿಳಿಯುವಂತೆ ಮಾಡತಕ್ಕದ್ದೆಂದು ಯಾಜ್ಞವಲ್ಕ್ಯಸ್ಮೃತಿಯು ವಿಧಿಸುತ್ತದೆ. ಆದುದರಿಂದ ಮುದ್ರೆಯ ಮುಖ್ಯ ಪ್ರಯೋಜನವು ಅಧಿಕಾರವನ್ನು ತೋರಿಸುವುದು. ವಂಶವನ್ನು ಹೇಳುವ ಕೆಲಸ ಶಾಸನದ ಪ್ರಶಸ್ತಿಭಾಗದ್ದು.

ದೇಶಾಂತರದ ಒಂದು ಉದಾಹರಣೆಯಿಂದ ಈ ಭೇದವು ಸ್ಫುಟವಾಗುವುದು. ಸ್ಪೇನಿನ ವಲೆನ್ಸಿಯಾ ನಗರದ ಸಮೀಪದ ಮನಿಸೆಸ್ ಎಂಬಲ್ಲಿ 15ನೆಯ ಶತಮಾನದ ಕುಂಬಾರರು ತವರ ಬೆರೆತ ಬಿಳಿಯ ಮೆರುಗಿನ ಮೇಲೆ ತಾಮ್ರ ಬೆಳ್ಳಿಗಳ ಬಣ್ಣದಿಂದ ಚಿತ್ರಿಸಿ, ಹೊಗೆಯಾಡುವ ಆವಗೆಯಲ್ಲಿ ಮತ್ತೊಮ್ಮೆ ಸುಟ್ಟು, ಹೊಂಬಣ್ಣದ ಕಾಂತಿಯುಳ್ಳ ತಟ್ಟೆಗಳನ್ನು ಮಾಡುತ್ತಿದ್ದರು. ತಟ್ಟೆಯ ನಡುವೆ ಮಾಡಿಸಿದವರ ಕುಲಲಾಂಛನವನ್ನು ಬರೆಯುವುದು ವಾಡಿಕೆ. ಅರಗಾನಿನ ರಾಣಿ ಮರಿಯಾಳ ಲಾಂಛನದಲ್ಲಿ ಪತಿಯ ಕುಲದ ಪಟ್ಟೆಗಳೂ ತೌರಿನ ಕೋಟೆ ಸಿಂಹಗಳೂ ಕೂಡಿವೆ. ಅವಳು 1416ರಿಂದ 1458ರ ವರೆಗೆ ರಾಣಿಯಾಗಿದ್ದುದರಿಂದ ಅಂತಹ ತಟ್ಟೆಯ ಕಾಲವೂ ತಿಳಿಯುತ್ತದೆ. ಅಲ್ಲಿ ಲಾಂಛನವು ದಾಯವಾಗಿ ಬರುವ ಸ್ವತ್ತು. ಆದಕಾರಣ ಲಾಂಛನದಿಂದ ಕುಲವನ್ನು ಊಹಿಸುವುದು ಅಲ್ಲಿ ಬಹುಮಟ್ಟಿಗೆ ಯುಕ್ತವೇ.

ನಮ್ಮಲ್ಲಿ ಈ ವ್ಯಾಪ್ತಿಯು ನಿಲ್ಲುವುದಿಲ್ಲ. ಬಾದಾಮಿಯ ಚಾಲುಕ್ಯರ ಲಾಂಛನ ವರಾಹ; ವಿಜಯನಗರದ ಅರಸರ ಲಾಂಛನವೂ ವರಾಹವೇ. ಚಾಲುಕ್ಯರು ತಮ್ಮನ್ನು ಮಾನವ್ಯಗೋತ್ರದ ಹಾರೀತಿಪುತ್ರರೆಂದರು. ವಿಜಯನಗರದ ಸಂಗಮವಂಶದವರು ಯದುಕುಲದವರೆಂದರು. ಲಾಂಛನ ಒಂದೇ, ಕುಲ ಬೇರೆ. ತಾರ್ಕಿಕರ ಮಾತಿನಲ್ಲಿ ಹೇಳುವುದಾದರೆ ಹೇತುವು ಅನೈಕಾಂತಿಕ. ಹೆಸರಿನ ಬಲವೂ ಇಷ್ಟೇ. ಮನಿಸೆಸಿನಲ್ಲಿ ಆ ತಟ್ಟೆಗಳು ಬೇಯುತ್ತಿದ್ದ ಕಾಲದಲ್ಲಿಯೇ, 1432ರಲ್ಲಿ, ಕಾರ್ಕಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದವನು ವೀರಪಾಂಡ್ಯ. ಅವನು ಜಿನದತ್ತನ ಸಂತತಿಯೆಂದು ಹೇಳಿಕೊಂಡ ಭೈರರಸ ಮನೆತನದವನು. ಪಾಂಡ್ಯನಾಮವನ್ನು ಕಂಡ ಮಾತ್ರಕ್ಕೆ ಅವನನ್ನು ಮಧುರೆಗೆ ಸೇರಿಸುವವರಿಲ್ಲ.

ಹೀಗಿರಲು ಮೀನೂ ಪಾಂಡ್ಯನಾಮವೂ ಆಳುಪರ ರಕ್ತಸಂಬಂಧಕ್ಕೆ ಪ್ರಮಾಣವಾಗಲಾರವು. ಬೆಳ್ಮಣ್ಣಿನ ಮೀನುಗಳಿಂದ ನಿಶ್ಚಯವಾಗಿ ಸಿದ್ಧಿಸುವುದು ಇಷ್ಟು: ಆ ದತ್ತಿಯ ಹಿಂದೆ ಸ್ವಂತ ಮುದ್ರೆಯುಳ್ಳ ಒಂದು ರಾಜಾಧಿಕಾರವಿದ್ದಿತು, ಮತ್ತು ಅದು ತನ್ನ ಆಜ್ಞೆಯನ್ನು ಕನ್ನಡದಲ್ಲಿ ಬರೆಯಿಸಿತು. ತುಳುನಾಡಿನ ಇತಿಹಾಸಕ್ಕೆ ಇದು ಮಧುರೆಯ ನಂಟಿಗಿಂತ ಕಡಮೆಯ ಲಾಭವಲ್ಲ.